ಮೈಕಣ್ಣನ ಮೋಡೆಮ್

ನನ್ನ ಹೆಂಡತಿಯ ಅಕ್ಕನ ಗಂಡನಿಗೆ ಊರವರಿಟ್ಟ ಹೆಸರು ಮೈಕಣ್ಣ. ನಾನು ಭಾವ ಎನ್ನುತ್ತಿದ್ದೆ. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಕೆಟ್ಟು ಕೂತಿದೆ, ಯಾರ ಮಗು ಅಳುತ್ತಾ ಕಚೇರಿಯಲ್ಲಿದೆ ಎಂದು ಮೈಕಿನಲ್ಲಿ ಸಾರುವುದು ಅವರ ಉದ್ಯೋಗ. ಸಂಬಳ ಕೊಡದಿದ್ದರೂ ಅವರು ಅದನ್ನೇ ಮಾಡುತ್ತಿದ್ದರೆಂದು ನನ್ನ ಗುಮಾನಿ. ಮನೆಗೆ ಬಂದ ಮೇಲೂ ಆ ಮೈಕು ಆರುತ್ತಿರಲಿಲ್ಲ. ಅತ್ತಿಗೆ ಅಡುಗೆಮನೆಯಿಂದ "ರೀ, ನಡುವೆ ಸ್ವಲ್ಪ ಉಸಿರಾದ್ರೂ ತಗೊಳ್ಳಿ" ಎಂದರೆ, "ಉಸಿರು ತಗೊಳ್ಳೋ ಪ್ರಯಾಣಿಕರು ದಯವಿಟ್ಟು ಮೂರನೇ ಪ್ಲಾಟ್‌ಫಾರಂಗೆ ಬರಬೇಕು" ಎಂದು ಅದೇ ಧಾಟಿಯಲ್ಲಿ ಉತ್ತರ ಬರುತ್ತಿತ್ತು. ನಾನು ಪತ್ರಿಕೆಗೆ ನಗೆಬರಹ ಬರೆದು ಹೊಟ್ಟೆ ಹೊರೆಯುವವನು. ಆದರೆ ನೆಂಟರು ಸೇರಿದಲ್ಲಿ ನಗಿಸುತ್ತಿದ್ದವರು ಅವರು. ನಾನು ಮೂಲೆಯಲ್ಲಿ ಕೂತು, ಇದರಲ್ಲಿ ಯಾವುದನ್ನು ಈ ವಾರ ಕದಿಯಲಿ ಎಂದು ಯೋಚಿಸುತ್ತಿದ್ದೆ.

ಆಮೇಲೆ ಅವರ ಗಂಟಲಿಗೆ ಕಾಯಿಲೆ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಕತ್ತಿನಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೊಂದು ತೆಳುಬಟ್ಟೆ, ಕೈಯಲ್ಲಿ ಸ್ಲೇಟು. ಆಸ್ಪತ್ರೆಗೆ ನೋಡಲು ಹೋದ ನಾನು ಗಾಬರಿಯಲ್ಲಿ "ಹೇಗಿದ್ದೀರಿ ಭಾವಾ?" ಎಂದು ವಾರ್ಡೆಲ್ಲ ತಿರುಗಿ ನೋಡುವಂತೆ ಕೂಗಿದೆ. ಅವರು ನಿಧಾನವಾಗಿ ಬರೆದು ತೋರಿಸಿದರು: "ಹೋಗಿರೋದು ಬಾಯಿ. ಕಿವಿಯಲ್ಲ."

ಕಿವಿ ಹೋಗಿದ್ದುದು ಅವರ ಅಕ್ಕನಿಗೆ. ಭಾವನನ್ನು ಎತ್ತಿ ಆಡಿಸಿ, ಬೈದು, ಓದಿಸಿದ್ದು ಅಕ್ಕಯ್ಯನೇ. ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ನಿವೃತ್ತಿಯ ಹೊತ್ತಿಗೆ ಕಿವಿ ಪೂರ್ತಿ ಕೈಕೊಟ್ಟಿತ್ತು. ಮಗ ತೀರಿಕೊಂಡ ಮೇಲೆ ದೂರದ ಇನ್ನೊಂದು ಊರಿನಲ್ಲಿ ಸೊಸೆಯ ಜೊತೆ ಇದ್ದರು. ತಮ್ಮನಿಗೆ ಮಾತಿಲ್ಲ, ಅಕ್ಕನಿಗೆ ಕೇಳುವುದಿಲ್ಲ. ಇಬ್ಬರ ಮನೆಯಲ್ಲೂ ಫೋನಿದ್ದದ್ದು ಬರೀ ಬಿಲ್ಲು ಕಟ್ಟುವುದಕ್ಕೆ ಎಂಬಂತಾಗಿತ್ತು.

ದಾರಿ ಹುಡುಕಿದವರು ಭಾವನೇ. ಬಾಯಿ ಹೋದ ಮೇಲೆ ನಿಲ್ದಾಣದವರು ಅವರನ್ನು ವೇಳಾಪಟ್ಟಿ ವಿಭಾಗಕ್ಕೆ ಹಾಕಿ, ಒಂದು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಅದನ್ನು ನಡೆಸುವ ತಂತ್ರಾಂಶದ ಹೆಸರು ಲಿನಕ್ಸ್. ಕಪ್ಪು ಪರದೆ, ಬಿಳಿ ಅಕ್ಷರ, ಏನು ಬೇಕಾದರೂ ಬರೆದೇ ಹೇಳಬೇಕು. "ನನಗೋಸ್ಕರ ಮಾಡಿದ ಹಾಗಿದೆ. ಇದಕ್ಕೂ ಮಾತು ಬರಲ್ಲ" ಎಂದು ಸ್ಲೇಟಿನಲ್ಲಿ ಬರೆದರು. ಮನೆಗೂ ಅಂಥದ್ದೊಂದನ್ನು ತಂದು, ಕಂಪ್ಯೂಟರಿನ ಅಕ್ಷರವನ್ನು ಫೋನಿನಲ್ಲಿ ಸಾಗಿಸುವ ಮೋಡೆಮ್ ಎಂಬ ಪೆಟ್ಟಿಗೆಯನ್ನು ಫೋನಿನ ತಂತಿಗೆ ಸಿಕ್ಕಿಸಿದರು. ಅಕ್ಕಯ್ಯನ ಮನೆಯಲ್ಲಿ ಮಗ ಬಿಟ್ಟುಹೋದ ಕಂಪ್ಯೂಟರೂ ಮೋಡೆಮ್ಮೂ ಇದ್ದವು. ಸಂಜೆ ಏಳಕ್ಕೆ ಈ ಯಂತ್ರ ಆ ಯಂತ್ರಕ್ಕೆ ಫೋನು ಮಾಡುವುದು. ಇಲ್ಲಿ ಒತ್ತಿದ ಅಕ್ಷರ ಒತ್ತಿದ ಕ್ಷಣವೇ ಅಲ್ಲಿ ಮೂಡುವುದು. ಅಕ್ಕತಮ್ಮಂದಿರು ಗಂಟೆಗಟ್ಟಲೆ ಹರಟಿದರು. ಅತ್ತಿಗೆ ಹಣುಕಿ ನೋಡಿ, "ಬಾಯಿದ್ದಾಗ್ಲೂ ಇಷ್ಟು ಜಗಳ ಆಡಿರ್ಲಿಲ್ಲ" ಎನ್ನುತ್ತಿದ್ದರು.

ನಡುವೆ ಅಕ್ಕಯ್ಯನ ಕಣ್ಣು ಮಂಜಾಗತೊಡಗಿತು. ನರವೇ ಒಣಗುತ್ತಿದೆ, ನಿಲ್ಲಿಸುವ ಔಷಧಿಯಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಕಾಗದದ ಮೇಲಿನ ಬರಹ ಭೂತಗನ್ನಡಿಗೂ ಸಿಗದಾಯಿತು. ಮೊಬೈಲಿನ ಅಕ್ಷರವಂತೂ ಇರುವೆ ಸಾಲು. ಕಪ್ಪು ಪರದೆಯ ಮೇಲೆ ಅಂಗೈಯಗಲ ಮಾಡಿಟ್ಟ ಬಿಳಿ ಅಕ್ಷರ ಮಾತ್ರ ಹೇಗೋ ಕಾಣುತ್ತಿತ್ತು.

ಅಂಥ ಹೊತ್ತಿನಲ್ಲಿ ಭಾವನ ಕಂಪ್ಯೂಟರು ಸುಟ್ಟುಹೋಯಿತು.

ಹೊಸದು ತಂದರು. ಹಳೇ ಲಿನಕ್ಸು ಹೊಸ ಯಂತ್ರವನ್ನು ಗುರುತೇ ಹಿಡಿಯಲಿಲ್ಲ. ಹೊಸ ಲಿನಕ್ಸು ಹಾಕಿದರೆ ಅದು ಹಳೇ ಮೋಡೆಮ್ಮನ್ನು ಗುರುತು ಹಿಡಿಯಲಿಲ್ಲ. ನಾನು ಬುದ್ಧಿವಂತನಂತೆ ಹೊಸ ಮೋಡೆಮ್ ತರಲು ಅಂಗಡಿಗೆ ಹೋದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೋಡೆಮ್ಮಾ? ಸಾರ್, ನೀವು ಬರೋದು ಸ್ವಲ್ಪ ತಡ ಆಯ್ತು. ಆರು ವರ್ಷ" ಎಂದ.

ಉಳಿದ ದಾರಿ ಒಂದೇ. ಮೋಡೆಮ್ಮಿಗೂ ಲಿನಕ್ಸಿಗೂ ನಡುವೆ ದುಭಾಷಿಯಂತೆ ನಿಲ್ಲುವ ಡ್ರೈವರನ್ನು ಅದರ ಮೂಲ ಬರಹದಿಂದ ಈ ಯಂತ್ರದಲ್ಲೇ ಹೊಸದಾಗಿ ಕಂಪೈಲ್ ಮಾಡಿಕೊಳ್ಳುವುದು, ಅಂದರೆ ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸಿಕೊಳ್ಳುವುದು. ಮೂಲ ಬರಹ ಭಾವನ ಹತ್ತಿರ ಒಂದು ಸಿ.ಡಿ.ಯಲ್ಲಿತ್ತು. ಕಂಪೈಲ್ ಮಾಡಲು ಹೊರಟರೆ ಪರದೆಯ ತುಂಬ ತಪ್ಪುಗಳು ಸುರಿದವು. ಅವುಗಳನ್ನು ಗಟ್ಟಿಯಾಗಿ ಓದುವ ಕೆಲಸ ನನ್ನದು, ಯಾಕೆಂದರೆ ಆ ಕೋಣೆಯಲ್ಲಿ ಬಾಯಿದ್ದವನು ನಾನೊಬ್ಬ. ಅರ್ಥವಾಗದ್ದನ್ನು ಗಂಭೀರವಾಗಿ ಓದುವುದರಲ್ಲಿ ನನಗೆ ಮೊದಲಿನಿಂದಲೂ ಒಳ್ಳೆಯ ಅಭ್ಯಾಸವಿದೆ.

"ಕರ್ನಲ್ ಹೆಡರ್ ಇಲ್ಲ ಅಂತಿದೆ ಭಾವ."

ಲಿನಕ್ಸಿನ ತಿರುಳಿಗೆ ಕರ್ನಲ್ ಎನ್ನುತ್ತಾರಂತೆ. ಅದರೊಡನೆ ಹೇಗೆ ವ್ಯವಹರಿಸಬೇಕೆಂದು ಹೇಳುವ ಕಡತಗಳು ಈ ಹೆಡರುಗಳು. ಭಾವ ಬರೆದರು: "ಅಂತರ್ಜಾಲದಿಂದ ಇಳಿಸಿಕೋಬೇಕು."

"ಇಳಿಸೋಣ. ಅದಕ್ಕೇನು ಬೇಕು?"

"ಮೋಡೆಮ್."

ಬೀರುವಿನ ಬೀಗದ ಕೈಯನ್ನು ಬೀರುವಿನೊಳಗಿಟ್ಟು ಬಾಗಿಲೆಳೆದುಕೊಂಡಂತಿತ್ತು. ಭಾವನ ಭುಜ ಕುಲುಕಿತು, ಕತ್ತಿನ ಬಟ್ಟೆ ಪಟಪಟ ಹಾರಿತು. ಅವರು ನಗುವುದು ಈಗ ಹಾಗೆ. ನಾನು ಪತ್ರಿಕಾ ಕಚೇರಿಗೂ ಅವರ ಮನೆಗೂ ಪೆನ್‌ಡ್ರೈವ್ ಹೊತ್ತು ಓಡಾಡುವ ಅಂಚೆಯವನಾದೆ. ಮೊದಲು ತಂದ ಹೆಡರುಗಳು ಹೊಂದಲಿಲ್ಲ. ಅವರ ಕರ್ನಲ್ ಒಂದು ಆವೃತ್ತಿ, ಕಡತ ಅದರ ದಾಯಾದಿ ಆವೃತ್ತಿ; ಕೊನೆಯ ಒಂದೇ ಒಂದು ಅಂಕಿ ಬೇರೆ. ಅಷ್ಟಕ್ಕೇ ಯಂತ್ರ ಮುಖ ತಿರುಗಿಸಿತು. ಒಂದೇ ಕುಟುಂಬದವರಾದರೂ ಮಾತು ಬಿಟ್ಟವರು ಎಷ್ಟು ಜನರಿಲ್ಲ ಎಂದುಕೊಂಡು ಮತ್ತೆ ಕಚೇರಿಗೆ ಹೊರಟೆ.

ಆ ಸಂಜೆ ಅಕ್ಕಯ್ಯನ ಸೊಸೆಯ ಫೋನು ಬಂತು. ಅತ್ತಿಗೆ ಕೇಳಿಸಿಕೊಳ್ಳುತ್ತಾ ಕುರ್ಚಿಯ ಅಂಚಿನಲ್ಲಿ ಕೂತರು.

"ಏನಂತೆ?" ಎಂದೆ.

"ಅಕ್ಕಯ್ಯ ಊಟ ಬಿಟ್ಟಿದಾರಂತೆ. ದಿನಾ ಏಳಾಗೋಕೆ ಮುಂಚೇನೇ ಆ ಪರದೆ ಮುಂದೆ ಕೂತ್ಕೊತಾರಂತೆ. 'ನನ್ನ ತಮ್ಮ ಹೋಗ್ಬಿಟ್ಟ, ನೀವೆಲ್ಲ ಸೇರಿ ಮುಚ್ಚಿಡ್ತಿದೀರ' ಅಂತಿದಾರಂತೆ."

"ಕಂಪ್ಯೂಟರ್ ಕೆಟ್ಟಿದೆ ಅಂತ ಬರೆದು ತೋರಿಸ್ಬೇಕಿತ್ತು."

"ಆ ಪರದೆ ಮೇಲೇ ದಪ್ಪಕ್ಷರದಲ್ಲಿ ಬರೆದು ತೋರಿಸಿದಳಂತೆ. ಮಗ ತೀರ್ಕೊಂಡ ದಿನಾನೂ ಅಕ್ಕಯ್ಯಂಗೆ ಮೊದಲು ತೋರಿಸಿದ್ದು 'ಸ್ವಲ್ಪ ಜ್ವರ' ಅಂತ. ಈಗ ಹೇಗೆ ನಂಬ್ತಾರೆ ಹೇಳಿ?"

ಭಾವ ಎದ್ದು ಅಂಗಿ ಹಾಕಿಕೊಂಡರು. ಸ್ಲೇಟಿನಲ್ಲಿ "ಬಸ್ಸಿಗೆ ಹೋಗ್ತೀನಿ" ಎಂದಿತ್ತು. ಅತ್ತಿಗೆ ಸ್ಲೇಟು ಕಿತ್ತುಕೊಂಡರು. "ಯಾವ ಬಸ್ಸು? ನಿನ್ನೆ ಜ್ವರ ಎಷ್ಟಿತ್ತು ಗೊತ್ತಾ? ಆ ತೂತಿಗೆ ಧೂಳು ಬಿದ್ರೆ ಡಾಕ್ಟ್ರು ಏನಂದ್ರು, ಮರೆತುಹೋಯ್ತಾ? ನೀವು ಅಲ್ಲಿಗೆ ಹೋಗಿ ಮಲಗಿದ್ರೆ ಅವರ ಅನುಮಾನ ನಿಜ ಮಾಡಿದ ಹಾಗಾಗುತ್ತೆ." ಭಾವನ ಚಿಕಿತ್ಸೆ ಇನ್ನೂ ಮುಗಿದಿರಲಿಲ್ಲ. ಕಾಯಿಲೆ ಮತ್ತೆ ತಲೆಯೆತ್ತಿದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು. ಯಾರೂ ಆ ಮಾತು ಆಡುತ್ತಿರಲಿಲ್ಲ. ಅವರು ಅಂಗಿ ಬಿಚ್ಚದೆಯೇ ಬಂದು ಕಂಪ್ಯೂಟರಿನ ಮುಂದೆ ಕೂತರು.

ಸೊಸೆ ಇನ್ನೊಂದು ಮಾತನ್ನೂ ಹೇಳಿದ್ದಳು. ಪರದೆಯ ಅಕ್ಷರವೂ ಈಗ ಕಲಸಿಹೋಗುತ್ತಿದೆ. ಪೂರ್ತಿ ಕತ್ತಲಾಗುವ ಮೊದಲು ತಮ್ಮ ಬದುಕಿದ್ದಾನೆಂದು ಅಕ್ಕಯ್ಯನಿಗೆ ಗೊತ್ತಾಗಬೇಕು. ಆಮೇಲೆ ಹೇಳುವುದಕ್ಕೆ ದಾರಿಯೇ ಇರುವುದಿಲ್ಲ.

ಸರಿಯಾದ ಹೆಡರುಗಳು ಬಂದವು. ತಪ್ಪುಗಳ ಮಳೆ ನಿಂತು ಒಂದೇ ಒಂದು ಹನಿ ಉಳಿಯಿತು. ನಾನು ಓದಿದೆ: "ಕಾನ್ಫಿಗ್ ಅನ್ನೋ ಕಡತ ಸಿಗ್ತಿಲ್ಲ ಅಂತಿದೆ." ಭಾವ ಹುಡುಕಿದರು. ಇರಲಿಲ್ಲ. ಹೆಡರುಗಳನ್ನು ಮತ್ತೆ ಹಾಕಿದರು. ಆಗಲೂ ಇರಲಿಲ್ಲ. ಮರುದಿನ ನಾನು ಕಚೇರಿಯಲ್ಲಿ ಅಂಕಣ ಬರೆಯುವುದು ಬಿಟ್ಟು, ಇದೇ ಗೋಳು ತೋಡಿಕೊಂಡವರ ಪುಟಗಳನ್ನೆಲ್ಲ ಅಚ್ಚು ಹಾಕಿಸಿ ತಂದೆ. ಭಾವ ಓದಿ, ಒಂದು ಸಾಲಿನ ಕೆಳಗೆ ಗೆರೆ ಎಳೆದು, ಸ್ಲೇಟು ತುಂಬ ಬರೆದರು: "ಹೊಸ ಕರ್ನಲ್‌ನಲ್ಲಿ ಆ ಕಡತಾನೇ ತೆಗೆದಿದ್ದಾರೆ. ಅದರ ಕೆಲಸ ಬೇರೆ ಕಡತಕ್ಕೆ ಹೋಗಿದೆ. ಡ್ರೈವರಿಗೆ ಅದು ಗೊತ್ತಿಲ್ಲ. ಇಲ್ಲದ್ದನ್ನೇ ಕೇಳ್ತಾ ಕೂತಿದೆ."

"ಹಾಗಾದ್ರೆ ಏನು ಮಾಡೋದು?"

"ಅದೇ ಹೆಸರಲ್ಲಿ ಖಾಲಿ ಕಡತ ಇಟ್ರೆ ಆಗುತ್ತಂತೆ."

"ಖಾಲೀನಾ? ಒಳಗೆ ಏನೂ ಬೇಡ್ವಾ?"

ಅವರು ತಲೆಯಲ್ಲಾಡಿಸಿದರು. ಒಂದಕ್ಷರವೂ ಇಲ್ಲದ ಒಂದು ಕಡತ ಮಾಡಿ, ಕೇಳಿದ ಹೆಸರಿಟ್ಟು, ಕೇಳಿದ ಜಾಗದಲ್ಲಿಟ್ಟರು. ಮತ್ತೆ ಕಂಪೈಲ್. ಪರದೆಯ ಮೇಲೆ ಸಾಲುಗಳು ಸರಿದವು, ಸರಿದವು, ನಿಂತವು. ಓದಲು ನನಗೊಂದೂ ತಪ್ಪು ಉಳಿಯಲಿಲ್ಲ. ಅಷ್ಟು ದಿನ ನಮ್ಮನ್ನು ಗೋಳುಹೊಯ್ದುಕೊಂಡ ಯಂತ್ರ ಬರೀ ಹೆಸರಿಗೆ ಸಮಾಧಾನಗೊಂಡಿತ್ತು.

ಏಳಕ್ಕೆ ಡಯಲ್ ಮಾಡಿದರು. ಮೋಡೆಮ್ಮು ಕಿರುಚಿತು, ಗರಗಸ ಎಳೆದಂತೆ, ಗಂಟಲು ಕೆರೆದಂತೆ. ಆ ಮನೆಯಲ್ಲಿ ಅಷ್ಟು ಗಟ್ಟಿಯಾದ ಸದ್ದು ಕೇಳಿ ಎಷ್ಟೋ ಕಾಲವಾಗಿತ್ತು. ಅತ್ತಿಗೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಿಗೆ ಒರಗಿ ನಿಂತರು. ಸದ್ದು ನಿಂತಿತು. ಲೈನು ಸಿಕ್ಕಿತ್ತು.

"ಅಕ್ಕಯ್ಯ, ನಾನು" ಎಂದು ಭಾವ ಒತ್ತಿದರು.

ಆಮೇಲೆ ಆ ಕಡೆಯಿಂದ ಅಕ್ಷರಗಳು ಒಂದೇ ಹರಿವಿನಲ್ಲಿ, ಒಂದು ತಪ್ಪೂ ಇಲ್ಲದೆ ಬಂದವು. ಕಣ್ಣು ಹೋದರೂ ಬೆರಳು ಕೆಲಸ ಮರೆತಿರಲಿಲ್ಲ.

"ಬೆಳ್ಳಗೆ ಏನೋ ಬಂದ ಹಾಗಿದೆ. ಓದಕ್ಕಾಗ್ತಿಲ್ಲ. ಸೊಸೆ ಭುಜ ತಟ್ಟಿ ನಗ್ತಾಳೆ, ನೀನು ಅಂತ ಇರ್ಬೇಕು. ಒಳ್ಳೆ ಹುಡುಗಿ. ಇಂಥ ಹೊತ್ತಲ್ಲಿ ಸುಳ್ಳು ಹೇಳೋರೆಲ್ಲ ಒಳ್ಳೆಯವರೇ."

ನಾವು ತಡಮಾಡಿದ್ದೆವು. ಅಕ್ಷರ ಅಲ್ಲಿ ಮೂಡುತ್ತಿತ್ತು, ಓದುವ ಕಣ್ಣು ಮುಗಿದಿತ್ತು.

ಇಂಥ ಹೊತ್ತಿನಲ್ಲಿ ಸುಮ್ಮನಿರಬೇಕೆಂಬ ಬುದ್ಧಿ ನನಗೆ ಯಾವತ್ತೂ ಬಂದಿಲ್ಲ. "ಬಿಡಿ ಭಾವ, ನಾನು ಹೇಳ್ತೀನಿ" ಎಂದು ಮುಂದೆ ಬಾಗಿ, "ಅವರು ಚೆನ್ನಾಗಿದ್ದಾರೆ, ಇಲ್ಲೇ ನನ್ನ ಪಕ್ಕ ಕೂತಿದ್ದಾರೆ" ಎಂದು ಸರಸರ ಒತ್ತಿಬಿಟ್ಟೆ. ಪತ್ರಿಕೆಯವನ ಕೈ.

ಉತ್ತರ ತಕ್ಷಣ ಬಂತು. "ಆ ಬೆಳ್ಳಗಿರೋದು ಸರಸರ ಓಡ್ತು, ಇದು ಅವನಲ್ಲ. ಇದ್ಯಾರೋ ಟೈಪಿಂಗ್ ಬರೋರು. ಯಾರಪ್ಪಾ ನೀನು? ನಗೆಬರಹದವನಾ? ಅವನಿಗೇನಾಯ್ತು, ಹೇಳ್ಬಿಡು. ತಡ್ಕೋತೀನಿ."

ನಾನು ನನ್ನ ಕೈಯನ್ನೇ ನೋಡುತ್ತಾ ನಿಂತೆ. ಭಾವ ಮಾತ್ರ ಆ ಸಾಲನ್ನು ಇನ್ನೊಮ್ಮೆ ಓದಿದರು. ಏನೋ ಹೊಳೆದಂತೆ ನನ್ನನ್ನು ಮೊಣಕೈಯಲ್ಲಿ ತಳ್ಳಿ, ಕುರ್ಚಿ ಮುಂದೆಳೆದುಕೊಂಡರು. ತೋರುಬೆರಳೊಂದನ್ನೇ ಎತ್ತಿ, ಒಂದಕ್ಷರ ಕುಟ್ಟಿದರು. ಮುಂದಿನದನ್ನು ಹುಡುಕಿದರು. ಅದು ಕಣ್ಣೆದುರಿಗೇ ಇದ್ದರೂ ಇನ್ನೆಲ್ಲೋ ಹುಡುಕಿ, ಸಿಕ್ಕ ಮೇಲೆ ಜೋರಾಗಿ ಕುಟ್ಟಿದರು. ಒಂದು ಹೆಚ್ಚಾಯಿತು, ಅಳಿಸಿದರು. ಮತ್ತೆ ಹುಡುಕಾಟ. ಅವರು ಟೈಪ್ ಮಾಡುತ್ತಿದ್ದುದೇ ಹಾಗೆ. ಬರೆದದ್ದೇನೆಂದು ನೋಡಿದೆ. ಅಕ್ಕಯ್ಯ, ಅಕ್ಕಯ್ಯ, ಅಕ್ಕಯ್ಯ. ಬೇರೇನೂ ಇಲ್ಲ.

ಅಲ್ಲಿ ಆ ಮಂಜುಗಣ್ಣಿನ ಮುಂದೆ ಬಿಳಿಯದೇನೋ ಎಡವುತ್ತಾ, ನಿಲ್ಲುತ್ತಾ, ಹಿಂದೆ ಸರಿಯುತ್ತಾ ಬೆಳೆಯುತ್ತಿರಬೇಕು.

ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಈ ಸಲ ಆ ಬೆರಳುಗಳಿಗೂ ತಪ್ಪಾಗಿತ್ತು, ತಿದ್ದಿ ಓದಿಕೊಂಡೆವು.

"ಇದ್ದೀಯಾ. ಇಷ್ಟು ಕೆಟ್ಟದಾಗಿ ಟೈಪ್ ಮಾಡೋ ಮನುಷ್ಯ ಇನ್ನೊಬ್ಬ ಹುಟ್ಟಕ್ಕೆ ಸಾಧ್ಯ ಇಲ್ಲ. ಹತ್ತು ಬೆರಳು ಯಾಕೋ ಇರೋದು, ಕತ್ತೆ?"

ಭಾವ ಕತ್ತಿನ ಬಟ್ಟೆಯನ್ನು ಅಂಗೈಯಲ್ಲಿ ಒತ್ತಿಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಅದು ನಗುವೋ ಅಳುವೋ ನಾನು ಕೇಳಲಿಲ್ಲ. ಅಕ್ಕಯ್ಯ ಬರೆದರು: "ನೀನು ಕಷ್ಟಪಡ್ಬೇಡ. ಓದಕ್ಕಂತೂ ಆಗಲ್ಲ. ನಾನೇ ಹೇಳ್ತೀನಿ, ನೀನು ಕೂತ್ಕೋ." ಆ ರಾತ್ರಿ ಊಟ ಮಾಡಿದರೆಂದು ಸೊಸೆ ಫೋನಿನಲ್ಲಿ ಹೇಳಿದಳು.

ಮುಂದೆ ಸಂಜೆಗಳೆಲ್ಲ ಹಾಗೇ ನಡೆದವು. ಸೊಸೆ ಭುಜ ತಟ್ಟುವಳು. ಅಕ್ಕಯ್ಯ ಹೇಳುತ್ತಾ ಹೋಗುವರು, ಕಾಲುನೋವು, ಪಕ್ಕದ ಮನೆಯವಳ ಮೇಲಿನ ದೂರು, ಸತ್ತ ಮಗನ ಮಾತು. ಊರಿಗೆಲ್ಲ ಸಾರುತ್ತಿದ್ದ ಮೈಕಣ್ಣ ಬರೀ ಓದುತ್ತಾ ಕೂರುವರು. ಮಧ್ಯೆ ಒಮ್ಮೊಮ್ಮೆ ಒಂದಕ್ಷರ ಕುಟ್ಟಿ ತಾನಿದ್ದೇನೆಂದು ತೋರಿಸುವರು. ಕೆಲವು ತಿಂಗಳಲ್ಲಿ ಆ ಬಿಳಿಯ ಚೂರೂ ಅಕ್ಕಯ್ಯನಿಗೆ ಕಾಣದಾಯಿತು. ಆಗ ಸೊಸೆ ಅವರ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಬರೆದು ಓದಿಸುವುದನ್ನು ಕಲಿತಳು. ಭಾವನ ಒಂದೊಂದು ಪದ ಹಾಗೆ ತಲುಪುತ್ತಿತ್ತು. ಅವರು ಆಗಲೂ ಒಂದೇ ಬೆರಳಿನಲ್ಲಿ ಬರೆಯುತ್ತಿದ್ದರು. ಆದರೆ ಕುಟ್ಟುವಷ್ಟು ಬಲ ಆ ಬೆರಳಿಗಿರಲಿಲ್ಲ.

ಪೂರ್ತಿ ಹಾಸಿಗೆ ಹಿಡಿಯುವ ಮೊದಲು ಭಾವ ನನಗೊಂದು ಮಾತು ಬರೆದುಕೊಟ್ಟರು. "ನಾನು ಹೋದ ಮೇಲೆ ಯಾರೂ ನನ್ನ ಹೆಸರಲ್ಲಿ ಲೈನು ಹಾಕಬೇಡಿ. ಅಕ್ಕಯ್ಯನಿಗೆ ಜ್ವರ ಗಿರ ಅಂತ ಕಥೆ ಕಟ್ಟಬೇಡಿ. ಹೇಳಿಬಿಡಿ."

ಭಾವ ಹೋದದ್ದು ಒಂದು ಮಧ್ಯಾಹ್ನ. ನಾನು ಅಕ್ಕಯ್ಯನ ಮನೆಗೆ ಫೋನು ಮಾಡಿ ಸೊಸೆಗೆ ತಿಳಿಸಿದೆ. ನಂತರದ್ದು ಅವಳು ಹೇಳಿದ್ದು. ಫೋನಿಟ್ಟು ಬಂದು, ಅತ್ತೆಯ ಪಕ್ಕ ಕೂತು, ಕೈಯನ್ನು ತೊಡೆಯ ಮೇಲೆಳೆದುಕೊಂಡಳಂತೆ. ಅಂಗೈ ಬಿಡಿಸಿ ಬೆರಳು ಇಟ್ಟಳಂತೆ. ಮೊದಲಕ್ಷರ ಮುಗಿಯುವ ಮೊದಲೇ ಅಕ್ಕಯ್ಯ ಮುಷ್ಟಿ ಮುಚ್ಚಿಕೊಂಡರಂತೆ.