ಬಿತ್ತನೆ ಜೋಳ ಅಳೆದ ದಿನ

ನಿಲಂಗಾದ ಶಾಲೆಯಲ್ಲಿ ನಾನು ಮರಾಠಿಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ನಿಜಾಮರ ಕಾಲದಲ್ಲಿ ಸರ್ಕಾರ ರೈತರ ಮನೆಗಳಿಂದ ಬಲವಂತವಾಗಿ ಲೆವಿ ಧಾನ್ಯ ಒಯ್ಯುತ್ತಿತ್ತು, ಕಡೆಗೆ ಜನ ತಿರುಗಿಬಿದ್ದರು ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ಒಂದು ವರ್ಷ ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು, ಅಷ್ಟು ದಿನ ತಾಳಿಕೊಂಡವರು ಆಮೇಲೆ ಯಾಕೆ ತಾಳಲಿಲ್ಲ ಎಂದು ಕೇಳಿದಳು. ತಿಳಿದುಕೊಂಡು ಬಂದು ಹೇಳುತ್ತೇನೆ ಎಂದೆ.

ಆ ಭಾನುವಾರ ದೇವಣಿಗೆ ಹೋದೆ. ಅಲ್ಲಿ ನಮ್ಮ ಅಪ್ಪನ ಅಕ್ಕ ಇದ್ದಳು. ಅವಳಿಗೆ ಆಗಲೇ ಎಂಬತ್ತು ದಾಟಿತ್ತು. ಲೆವಿಯ ಮಾತು ತೆಗೆದದ್ದೇ ಅವಳೇ ನನ್ನನ್ನು ಕೇಳಿದಳು.

"ನಿಮ್ಮಪ್ಪ ನಿನಗ ಹೇಳಿಲ್ಲೇನ? ಊರ ಮಂದಿ ಜ್ವಾಳ ಅಳಿಯಾಂವ ನಿಮ್ಮ ಅಜ್ಜನೇ ಇದ್ದಾ."

ನನ್ನ ಅಜ್ಜನಿಗೆ ಉರ್ದು ಬರೆಯಲು ಬರುತ್ತಿತ್ತು. ಸರ್ಕಾರದ ಲೆಕ್ಕವೆಲ್ಲ ಉರ್ದುವಿನಲ್ಲಿ, ಅದಕ್ಕೇ ಅಧಿಕಾರಿಗಳು ಅವನ ಕೈಗೆ ಅಳೆಯುವ ಸೇರು ಕೊಟ್ಟಿದ್ದರಂತೆ. ಜನ ಬೈದುಕೊಂಡೇ ಕೊಟ್ಟರು, ಒಂದು ಹೊತ್ತು ಉಂಡು ಕೊಟ್ಟರು. ಆ ವರ್ಷ ಮಾತ್ರ ಬೂದಿ ಕಲಸಿ ಇಟ್ಟಿದ್ದ ಬಿತ್ತನೆ ಜೋಳವನ್ನೂ ತೆಗೆಯಿರಿ ಎಂದು ಹುಕುಂ ಬಂತು. ಕೊನೆಯ ಮನೆ ನಮ್ಮದು. ಅಜ್ಜಿ ಬೀಜದ ಗಡಿಗೆಗಳ ಮುಂದೆ ಕೂತುಬಿಟ್ಟಳು.

"ಅಜ್ಜಿ ಏನಂದ್ಳು?" ಎಂದು ಕೇಳಿದೆ.

"'ತಿನ್ನೂದು ಒಯ್ದೀರಿ, ಉಪಾಸ ಇದ್ದೇವ್ರಿ. ಇದನ್ನ ಒಯ್ದರ ಭೂಮಿಗಿ ಏನ ಹಾಕೂಣು?' ಅಂದ್ಳು. ಲೆವಿ ಸಾಹೇಬ ನಮ್ಮ ಅಪ್ಪಗ, 'ನಿನ್ನ ಹೆಂಡ್ತಿನ ಎಬ್ಬಸು' ಅಂದಾ."

"ಅಜ್ಜ ಎಬ್ಬಿಸಿದನೇನ ಅತ್ತಿ?"

"ರಟ್ಟಿ ಹಿಡದು ಎಳದಾ. ಜ್ವಾಳ ಅಳದು ಕೊಟ್ಟಾ. ಅಳಿಯೂಮುಂದ ಅಳ್ತಿದ್ದಾ."

ಮರುದಿನ ಬೆಳಿಗ್ಗೆ ಜೋಳದ ಬಂಡಿಗಳು ಸರ್ಕಾರಿ ಉಗ್ರಾಣವಿದ್ದ ಕಾಸಾರಶಿರಸಿಯ ದಾರಿ ಹಿಡಿದಾಗ, ಊರ ಹೆಂಗಸರೆಲ್ಲ ದಾರಿಗೆ ಅಡ್ಡ ಕೂತರು. ಮುಂದೆ ಅಜ್ಜಿ. ಗಂಡಸರು ಎತ್ತುಗಳನ್ನು ನೊಗದಿಂದ ಬಿಚ್ಚಿದರು. ಮೊದಲ ಬಂಡಿಯ ಚೀಲಕ್ಕೆ ಕುಡುಗೋಲು ಹಾಕಿದವನು ಅಜ್ಜ. ಪೊಲೀಸರು ಬರುವಷ್ಟರಲ್ಲಿ ಮನೆಮನೆಗೆ ಬೀಜ ಸೇರಿತ್ತು. ಅಜ್ಜ, ಇನ್ನೂ ಕೆಲವರು ನಿಜಾಮರ ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಆ ರಾಜ್ಯ ಮುಗಿದ ಮೇಲೆಯೇ ತಿರುಗಿ ಬಂದದ್ದು.

ಎಷ್ಟೋ ವರ್ಷಗಳ ನಂತರ ತಾಲ್ಲೂಕಿನಲ್ಲಿ ಅವನಿಗೆ ಹೋರಾಟಗಾರನೆಂದು ಶಾಲು ಹೊದಿಸಿ ಸನ್ಮಾನ ಮಾಡಿದರಂತೆ. ಅಜ್ಜಿ ಹೋಗಲಿಲ್ಲ. "ನನಗ ಹೊಲದಾಗ ಕೆಲಸ ಅದ" ಅಂದಳಂತೆ. ಅಜ್ಜನೂ ಬಾ ಎಂದು ಒತ್ತಾಯ ಮಾಡಲಿಲ್ಲ.

ಸೋಮವಾರ ತರಗತಿಯಲ್ಲಿ ಇದೆಲ್ಲ ಹೇಳಿದೆ. ಅಳೆದವನು ಯಾರು ಎಂದು ಆ ಹುಡುಗಿ ಕೇಳಿದಾಗ, ಯಾರೋ ಒಬ್ಬ ಕಾರಕೂನ ಅಂದುಬಿಟ್ಟೆ. ನಿಜ ಹೇಳಿದ್ದು ಮುಂದಿನ ವರ್ಷದ ಮಕ್ಕಳಿಗೆ. ಅಷ್ಟರಲ್ಲಿ ಆ ಹುಡುಗಿ ಉದಗೀರದ ಕಾಲೇಜು ಸೇರಿದ್ದಳು.