ನಮ್ಮ ಜಗಲಿಗೆ ಬಂದಿದ್ದ ಗಾಯಕಿ

ತರೀಕೆರೆಯಲ್ಲಿ ನಾವು ವರ್ಷಕ್ಕೊಮ್ಮೆ ಸತ್ತವರನ್ನು ಹಂಚಿಕೊಳ್ಳುತ್ತೇವೆ. ನಗಬೇಡಿ, ನಮಗದು ಗಂಭೀರ ವಿಷಯ. ಆ ವರ್ಷ ನಾಡಿನಲ್ಲಿ ತೀರಿಕೊಂಡ ದೊಡ್ಡವರಿಗೆಲ್ಲ ಡಿಸೆಂಬರಿನ ಕೊನೆಯ ಭಾನುವಾರ ಒಟ್ಟಿಗೇ ನುಡಿನಮನ ಸಲ್ಲಿಸುವುದು ನಮ್ಮ ಗೆಳೆಯರ ಬಳಗದ ಪದ್ಧತಿ. ಒಬ್ಬೊಬ್ಬರಿಗೆ ಒಂದೊಂದು ಸಭೆ ಮಾಡಿದರೆ ಕೊನೆಗೆ ಮೈಕಿನವನೂ ಎದ್ದು ಹೋಗುತ್ತಾನೆ. ಅದಕ್ಕೇ ನವೆಂಬರಿನಲ್ಲೇ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತು, ಮಾಜಿ ಮಂತ್ರಿ ನಿಮಗೆ, ವಿಜ್ಞಾನಿ ಇವರಿಗೆ, ನಾಟಕದವರು ಅವರಿಗೆ ಎಂದು ಹಂಚಿಕೆ ಮುಗಿಸುತ್ತೇವೆ.

ನಿಯಮ ಒಂದೇ. ಒಡನಾಟ ಇದ್ದವರೇ ಮಾತಾಡಬೇಕು, ಪೇಪರಿನಲ್ಲಿ ಬಂದದ್ದನ್ನು ಓದಿ ಒಪ್ಪಿಸುವ ಹಾಗಿಲ್ಲ. ಈ ನಿಯಮ ಮಾಡಿದವನು ಬಳಗದ ಅಧ್ಯಕ್ಷ, ಕಡೂರಿನವನು, ನನ್ನ ಗೆಳೆಯ. ಮೂವತ್ತು ವರ್ಷ ನಾವಿಬ್ಬರೂ ತರೀಕೆರೆಯ ಒಂದೇ ಕಚೇರಿಯಲ್ಲಿ ಎದುರುಬದುರು ಮೇಜಿನಲ್ಲಿ ಕೂತವರು, ಒಂದೇ ಡಬ್ಬಿಯಲ್ಲಿ ಉಂಡವರು. ನಿಯಮವೇನೋ ಚೆನ್ನಾಗಿದೆ. ಆದರೆ ನಮ್ಮಂಥ ಗುಮಾಸ್ತರಿಗೆ ದೊಡ್ಡವರ ಒಡನಾಟ ಎಲ್ಲಿಂದ ಬರಬೇಕು, ಹೇಳಿ? ಇಲ್ಲದಿದ್ದರೆ ಹುಟ್ಟಿಸಿಕೊಳ್ಳುತ್ತಿದ್ದೆವು.

ಒಂದು ವರ್ಷ ನನ್ನ ಪಾಲಿಗೆ ವಿಜ್ಞಾನಿಯೊಬ್ಬರು ಬಂದಿದ್ದರು. ಬೀರೂರು ಸ್ಟೇಷನ್ನಿನಲ್ಲಿ ರೈಲು ತಡವಾಗಿ, ಅವರೂ ನಾನೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿದೆವು ಎಂದು ಮೈಕಿನಲ್ಲಿ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಆ ಪುಣ್ಯಾತ್ಮರು ಬೀರೂರಿಗೆ ಕಾಲಿಟ್ಟಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಟೀ ಹೊಳೆದದ್ದು ನನ್ನ ಗೆಳೆಯನಿಗೆ. "ಬರೀ ಬೆಂಚು ಸಾಲಲ್ಲ ಕಣೋ, ಒಂದ್ ಟೀ ಹಾಕು" ಎಂದಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಸತ್ತವರಿಗೆ ನಷ್ಟವಿಲ್ಲ, ಕೇಳಿದವರಿಗೆ ಖುಷಿ, ಇದರಲ್ಲಿ ಯಾರ ಗಂಟು ಹೋಯಿತು ಎಂದುಕೊಂಡಿದ್ದೆ.

ಇಷ್ಟು ಸುಳ್ಳಿನ ನಡುವೆ ನನ್ನ ಹತ್ತಿರ ಒಂದೇ ಒಂದು ನಿಜ ಇತ್ತು. ಅದೂ ನನ್ನದಲ್ಲ, ನಮ್ಮಕ್ಕನದು.

ನನಗಾಗ ಎಂಟು ವರ್ಷ, ಅಕ್ಕನಿಗೆ ಹದಿಮೂರು. ನಮ್ಮ ಮನೆ ಇದ್ದದ್ದು ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ರಸ್ತೆಯಲ್ಲಿ. ಅವರೆಕಾಯಿ ಕಾಲ. ಅಕ್ಕ ಜಗಲಿಯಲ್ಲಿ ಕೂತು, ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಾ ತನ್ನ ಪಾಡಿಗೆ ತಾನು ಹಾಡಿಕೊಳ್ಳುತ್ತಿದ್ದಳು. ಮನೆ ಮುಂದೆ ಒಂದು ಕಾರು ಬುಸುಬುಸು ಹೊಗೆ ಬಿಡುತ್ತಾ ನಿಂತಿತು. ಡ್ರೈವರ್ ನೀರು ಕೇಳಿಕೊಂಡು ಬಂದ. ಅವನ ಹಿಂದೆಯೇ ಒಬ್ಬ ಹೆಂಗಸು ಬಂದು ಜಗಲಿಯ ಮೇಲೆ ಕೂತರು. ದಿನಾ ರೇಡಿಯೋದಲ್ಲಿ ನಾವು ಕೇಳುತ್ತಿದ್ದ ದನಿ ಅವರದು ಎಂದು ಡ್ರೈವರ್ ಹೇಳಿದಾಗ ಅಮ್ಮ ಅಡುಗೆಮನೆಯಿಂದ ಆಚೆಗೇ ಬರಲಿಲ್ಲ, ಅಷ್ಟು ಹೆದರಿಕೆ.

ಆ ಗಾಯಕಿ ಅಕ್ಕನ ಮುಂದಿದ್ದ ಪಾತ್ರೆಯಿಂದ ತಾವೂ ಒಂದು ಹಿಡಿ ಕಾಳು ತೆಗೆದುಕೊಂಡರು. ಮೊದಲನೆಯ ಕಾಳು ಕೈಯಿಂದ ಚಿಮ್ಮಿ ಅವರ ಸೀರೆಯ ಅಂಚಿಗೆ ಹೋಗಿ ಅಂಟಿಕೊಂಡಿತು. ಜೋರಾಗಿ ನಕ್ಕರು. "ನಿಲ್ಲಿಸಿದ್ದೇಕೆ? ಹಾಡು" ಎಂದರು. ಅಕ್ಕ ನಡುಗುತ್ತಲೇ ಹಾಡಿದಳು. ಕಾರು ತಣ್ಣಗಾಗುವ ತನಕ ಕೇಳಿ, ಏಳುವಾಗ ಅವಳ ತಲೆಯ ಮೇಲೆ ಕೈಯಿಟ್ಟು, "ಒಳ್ಳೇ ಕಂಠ ಮಗು. ಯಾರು ಬೇಡ ಅಂದ್ರೂ ಬಿಡಬೇಡ" ಎಂದರು.

ಅಪ್ಪ ಅವಳಿಗೆ ಸಂಗೀತ ಕಲಿಸಲಿಲ್ಲ. ಅಜ್ಜಂಪುರದಲ್ಲೇ ಬೇಸಾಯದವರ ಮನೆಗೆ ಕೊಟ್ಟು ಕೈ ತೊಳೆದುಕೊಂಡರು. ಅಕ್ಕ ಮಾತ್ರ ಹಾಡು ಬಿಡಲಿಲ್ಲ. ಹೊಲದಲ್ಲಿ, ಹಸೆಯ ಮುಂದೆ, ಒರಳ ಮುಂದೆ ಹಾಡಿದಳು. ಅತ್ತೆ ಬೈದಾಗಲೆಲ್ಲ ಈ ಕಥೆ ಹೇಳಿದಳು. ನಂಬುವವರು ಯಾರು? ಫೋಟೋ ಇಲ್ಲ, ಕಾಗದ ಇಲ್ಲ. ಅಪ್ಪ ಅಮ್ಮ ಹೋದಮೇಲೆ ಕಂಡವನು ಅಂತ ಉಳಿದವನು ನಾನೊಬ್ಬನೇ. ಅವಳ ಓಣಿಯಲ್ಲಿ ಎಲ್ಲರಿಗೂ ಅದು ತಮಾಷೆ. "ಏನಕ್ಕ, ಇವತ್ತೂ ಕಾರು ಬಂದಿತ್ತಾ?" ಎಂದು ಕೇಳುತ್ತಿದ್ದರಂತೆ.

ಹೋದ ವರ್ಷ ಆ ಗಾಯಕಿ ತೀರಿಕೊಂಡರು. ಟಿವಿಯಲ್ಲಿ ನೋಡಿ ಅಕ್ಕ ಫೋನ್ ಮಾಡಿ ಅತ್ತಳು. "ಲೇ, ಹೋಗ್ಬಿಟ್ರು ಕಣೋ. ಈ ಸಲ ನೀನೇ ಮಾತಾಡ್ಬೇಕು. ನಮ್ಮನೆಗೆ ಬಂದಿದ್ರು ಅಂತ ಮೈಕಲ್ಲಿ ಹೇಳು. ಬತ್ತೀನಿ ನಾನೂ. ಪಕ್ಕದ ಮನೆಯವಳನ್ನೂ ಕರ್ಕೊಂಡ್ ಬತ್ತೀನಿ, ಅವಳೊಬ್ಬಳು ಕೇಳಿದ್ರೆ ಓಣಿ ಕೇಳ್ದಂಗೆ." ಐವತ್ತು ವರ್ಷಗಳಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ.

ಹೋಟೆಲಿನಲ್ಲಿ ಹಂಚಿಕೆಯಾಗುವಾಗ ನಾನು ಬಾಯಿ ಬಿಡುವ ಮೊದಲೇ ಗೆಳೆಯ, "ಗಾಯಕಿ ನಿಂದೇ ಕಣೋ, ಇನ್ಯಾರಿಗೆ ಕೊಡ್ಲಿ?" ಎಂದ. ಅವನಿಗೆ ಕಥೆ ಬಾಯಿಪಾಠ. ಊಟದ ಹೊತ್ತಿನಲ್ಲಿ ಹತ್ತು ಸಲವಾದರೂ ಹೇಳಿದ್ದೆ. ಪಕ್ಕದ ಟೇಬಲಿನವರು ತಿರುಗಿ ನೋಡುವಷ್ಟು ಸಂತೋಷದಿಂದ ಅವನ ಕೈ ಕುಲುಕಿದೆ.

ಭಾನುವಾರ ಅಕ್ಕ ಮದುವೆಯ ರೇಷ್ಮೆ ಸೀರೆ ಉಟ್ಟು, ಪಕ್ಕದ ಮನೆಯವಳ ಜೊತೆ ಮೂರನೆಯ ಸಾಲಿನಲ್ಲಿ ಕೂತಿದ್ದಳು. ನಾನು ವೇದಿಕೆಯ ಮೇಲೆ. ಜೇಬಿನಲ್ಲಿ ಎರಡು ಹಾಳೆ. ಮೊದಲು ಅಧ್ಯಕ್ಷರ ಮಾತು. ಗೆಳೆಯ ಎದ್ದು, ಕನ್ನಡಕ ಒರೆಸಿಕೊಂಡು ಶುರು ಮಾಡಿದ. "ಆ ಮಹಾನ್ ಗಾಯಕಿ ಒಮ್ಮೆ ಕಡೂರಿನಲ್ಲಿ ನಮ್ಮ ಮನೆಯ ಮುಂದೆ ಕಾರು ಕೆಟ್ಟು ಇಳಿದರು. ಜಗಲಿಯಲ್ಲಿ ನಮ್ಮ ತಾಯಿ ಅವರೆಕಾಳು ಹಿತುಕುತ್ತಿದ್ದರು..."

ಕಾಳು ಚಿಮ್ಮಿತು. ಸೀರೆಯ ಅಂಚಿಗೆ ಅಂಟಿತು. ಎಲ್ಲವೂ ಇತ್ತು, ಅಕ್ಕ ಒಬ್ಬಳು ಇರಲಿಲ್ಲ. ನೆಚ್ಚಿದ ಎಮ್ಮೆ ಕೋಣ ಈಯಿತು ಎನ್ನುತ್ತಾರಲ್ಲ, ಅದು ಗಾದೆ ಅಂತ ಇಷ್ಟು ದಿನ ಸುಮ್ಮನೆ ಹೇಳುತ್ತಿದ್ದೆ. ಪಕ್ಕದ ಮನೆಯವಳು ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕ ನನ್ನ ಮುಖ ನೋಡಿದಳು.

ನಾನು ಕುರ್ಚಿಯ ಕೈ ಹಿಡಿದು ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಆ ನಯವಂಚಕ ಮೈಕು ಬಿಡದೆ, ನನ್ನ ಕಡೆ ತಿರುಗಿ ನಕ್ಕ. "ಗಾಯಕಿಯವರ ವಿಷಯ ನಾನೇ ಹೇಳಿಬಿಟ್ಟೆ. ಈಗ ನಮ್ಮ ಆತ್ಮೀಯರು ಅಗಲಿದ ನಾಟಕ ಕಲಾವಿದರ ಒಡನಾಟ ಹಂಚಿಕೊಳ್ಳುತ್ತಾರೆ. ಬೀರೂರಿನಲ್ಲಿ ವಿಜ್ಞಾನಿಗಳ ಜೊತೆ ಟೀ ಕುಡಿದವರು ಇವರೇ, ನೆನಪಿದೆಯಲ್ಲ?" ಜನ ನಕ್ಕು ಚಪ್ಪಾಳೆ ತಟ್ಟಿದರು. ನನಗೆ ಅರ್ಥವಾಯಿತು. ಬಾಯಿ ಬಿಟ್ಟರೆ ಆ ಟೀ ಹೊರಗೆ ಬರುತ್ತದೆ.

ಹಾಳೆಯನ್ನು ಜೇಬಿನಲ್ಲೇ ಬಿಟ್ಟು ಮೈಕಿನ ಮುಂದೆ ನಿಂತೆ. ಆ ಕಲಾವಿದರು ಒಮ್ಮೆ ತರೀಕೆರೆಯ ಬಸ್ಸಿನಲ್ಲಿ ನನಗೆ ಸೀಟು ಬಿಟ್ಟುಕೊಟ್ಟರು ಎಂದೆ. ಥೂ, ಈಗಲೂ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ.

ಹೊರಗೆ ಗೆಳೆಯ ಹೆಗಲ ಮೇಲೆ ಕೈ ಹಾಕಿದ. "ಬೇಜಾರ್ ಮಾಡ್ಕೋಬೇಡ ಕಣೋ. ಅಧ್ಯಕ್ಷನ ಬಾಯಲ್ಲಿ ಒಂದು ಒಳ್ಳೇದು ಬೇಕಿತ್ತು. ನೀನೇನು ಸಾಚಾನಾ?" ಕೈ ಕೊಡವಿ ಬಂದೆ. ಅವತ್ತಿನಿಂದ ಮಾತಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ಪಕ್ಕದ ಮನೆಯವಳನ್ನು ಬಸ್ಸಿನ ಹೊತ್ತು ಕೇಳಿಬರಲು ಕಳಿಸಿದಳು. ಆಮೇಲೆ, "ಆ ನಾಟಕದೋರು ನಿಂಗೆ ಸೀಟು ಬಿಟ್ಟಿದ್ದು ಯಾವಾಗ್ಲೋ?" ಎಂದಳು.

"ಬಿಟ್ಟಿರಲಿಲ್ಲ ಅಕ್ಕ."

"ಟೀ?"

"ಅದೂ ಇಲ್ಲ."

"ಅವನು ಕದ್ದ, ಸರಿ. ನೀನ್ಯಾಕೋ ಬಿಟ್ಟೆ?" ಎಂದಳು. ಅಜ್ಜಂಪುರದ ಬಸ್ಸು ಬಂತು. ಹತ್ತಿ ಹೋದಳು, ಕಿಟಕಿಯಿಂದ ಕೈ ಬೀಸಲಿಲ್ಲ.

ಪ್ರತಿ ವರ್ಷ ಹಿತುಕಿದ ಅವರೆಯನ್ನು ಡಬ್ಬಿಯಲ್ಲಿ ಹಾಕಿ ಕಂಡಕ್ಟರ್ ಕೈಯಲ್ಲಿ ನನಗೆ ಕಳಿಸುತ್ತಿದ್ದಳು. ಈ ಸಲ ಬರಲಿಲ್ಲ. ಸಂಕ್ರಾಂತಿ ಕಳೆದು ನಾನೇ ಹೋದೆ. ಅಕ್ಕ ಬಾಗಿಲಲ್ಲಿ ಕೂತು ಕಾಳು ಹಿತುಕುತ್ತಿದ್ದಳು. ಹಾಡು ಇರಲಿಲ್ಲ. ನಾನೂ ಪಕ್ಕದಲ್ಲಿ ಕೂತು ಕೈ ಹಾಕಿದೆ, ಬೇಡ ಎನ್ನಲಿಲ್ಲ. ಆಗ ಪಕ್ಕದ ಮನೆಯವಳು ಬಂದು ಹೊಸಿಲ ಹತ್ತಿರ ನಿಂತಳು.

"ಅಣ್ಣ, ನೀವೇ ಹೇಳಿ. ಆಯಮ್ಮ ಬಂದಿದ್ದು ನಿಮ್ಮನೆಗೋ, ಆ ಅಧ್ಯಕ್ಷರ ಮನೆಗೋ?"

"ನಮ್ಮನೆಗೇ ಕಣಮ್ಮ," ಎಂದೆ. "ನಾನೇ ಕಣ್ಣಾರೆ ಕಂಡಿದೀನಿ. ನಮ್ಮಕ್ಕ ಹಾಡಿದ್ದು, ಅವರು ತಲೆ ಮೇಲೆ ಕೈಯಿಟ್ಟಿದ್ದು..."

ಅಕ್ಕ ತಲೆಯೆತ್ತಲಿಲ್ಲ.

"ಸುಮ್ನಿರೇ, ಇವನ ಮಾತೇನ್ ಕೇಳ್ತೀಯ," ಎಂದಳು. "ಅದು ಕಡೂರಲ್ಲಿ ನಡೆದಿದ್ದು."