ಹಾಲಿನ ಪಾತ್ರೆ ಬಿಡದ ಕೈ

ಆಸ್ಪತ್ರೆಯ ಅಡುಗೆಮನೆಯಲ್ಲಿ ಎದುರಿಗೆ ಅವಳನ್ನು ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಮುಟ್ಟಿದರೆ ಮುನಿ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತವಳಿಗೆ ಇನ್ನೇನು ಹೆಸರಿಡುತ್ತಾರೆ? ಮುನ್ನೂರು ರೋಗಿಗಳ ಊಟ ಹೊತ್ತಿಗೆ ಸರಿಯಾಗಿ ವಾರ್ಡಿಗೆ ಹೋಗುವುದು ಆ ಕೋಪದ ದೆಸೆಯಿಂದಲೇ ಅನ್ನುವುದನ್ನು ಮಾತ್ರ ಒಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಮುಖ್ಯ ಅಡುಗೆಯವರು ನಿವೃತ್ತರಾದಾಗ ಆ ಜಾಗ ಅವಳಿಗೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅಷ್ಟರಲ್ಲಿ ಗೋಡೆಯ ಮೇಲೊಂದು ಕಾಗದ ಅಂಟಿತು: ಹತ್ತನೇ ತರಗತಿ ಪಾಸಾಗಿರಬೇಕು. ಅವಳು ಹುಡುಗಿಯಾಗಿದ್ದಾಗ ವಿಜ್ಞಾನದಲ್ಲಿ ಡುಮ್ಕಿ ಹೊಡೆದು ಶಾಲೆ ಬಿಟ್ಟವಳು. ಉಳಿದದ್ದೆಲ್ಲ ಪಾಸು, ಅದೊಂದೇ ಬಾಕಿ. ಅರ್ಜಿಯ ಗಡುವಿನೊಳಗೆ ಬರುವುದು ಒಂದೇ ಒಂದು ಪರೀಕ್ಷೆ. ಅದರಲ್ಲಿ ಪಾಸಾದರೆ ಮುಖ್ಯ ಅಡುಗೆಯವಳು, ಇಲ್ಲದಿದ್ದರೆ ನಿನ್ನೆ ಮೊನ್ನೆ ಬಂದು ಸೌಟು ಹಿಡಿಯಲೂ ಬಾರದ ಯಾವನೋ ಬಂದು ಅವಳ ತಲೆಯ ಮೇಲೆ ಕೂರುತ್ತಾನೆ.

ಪರೀಕ್ಷೆ ಕಟ್ಟಿದ ಸುದ್ದಿ ಮ್ಯಾನೇಜರ ಕಿವಿಗೆ ಬಿತ್ತು. ಅವನು ಪಾತ್ರೆಗಳ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಅಕ್ಕಾ, ಈ ವಯಸ್ಸಲ್ಲಿ ಓದೋಕೆ ಹೊರಟ್ರಾ? ಮೊದಲು ಕೈ ಸುಟ್ಕೊಳ್ಳದೆ ಹಾಲು ಇಳಿಸೋದು ಕಲೀರಿ" ಅಂದ. ನಾಲ್ಕು ಜನ ನಕ್ಕರು. ತರಕಾರಿ ಹೆಚ್ಚುವ ಅಜ್ಜಿ ಮಾತ್ರ ನಗಲಿಲ್ಲ, ಈಳಿಗೆಯ ಮೇಲೆ ಕೈ ಹಾಗೇ ನಿಲ್ಲಿಸಿ ಅವನ ಮುಖ ನೋಡಿದಳು. ಅವಳು ಯಾಕೆ ಹಾಗೆ ನೋಡಿದಳು ಅನ್ನುವುದು ಇಲ್ಲೇ ಮುಂದಿದೆ.

ಮನೆಯಲ್ಲಿ ಮೇಷ್ಟರು ಅಂದರೆ ಮಗಳು. ಅವಳೂ ಹತ್ತನೆಯಲ್ಲೇ ಇದ್ದಳು. ಒಂದೇ ಮೇಜು, ಒಂದೇ ಗೈಡು, ಸಂಜೆ ಆರಕ್ಕೆ ಪಾಠ. ಮಗಳ ಬಾಯಿ ತಾಯಿಯದೇ ಅಚ್ಚು.

"ಅಮ್ಮಾ, ಗಿಡ ಬೆಳಕಿನ ಕಡೆ ಬಾಗೋದಕ್ಕೆ ಏನಂತಾರೆ?"

"ಬಾಗೋದು ಅಂತಾರೆ."

"ದ್ಯುತಿ ಅನುವರ್ತನೆ!"

"ಬಿಸಿಲಿಗೆ ವಾಲ್ತು ಅನ್ನೋಕೆ ಇಷ್ಟು ನಾಲಿಗೆ ಹೊರಳಿಸಬೇಕಾ? ಇದನ್ನ ಬರೆದವನು ಒಂದು ದಿನವಾದ್ರೂ ಗಿಡಕ್ಕೆ ನೀರು ಹಾಕಿದ್ದಾನಾ?"

ಹೀಗೆ ಬೈಯುತ್ತಲೇ ಕಲಿತಳು. ಬೇರು ಕೆಳಗೆ ಹೋಗುವುದು, ಬಳ್ಳಿಯ ಕುಡಿ ಕೋಲು ತಾಗಿದರೆ ಸುತ್ತಿಕೊಳ್ಳುವುದು, ನೆರಳಿನ ಕಡೆ ಆಕ್ಸಿನ್ ಅನ್ನುವ ಹಾರ್ಮೋನು ಸೇರಿ ಆ ಮಗ್ಗುಲು ಉದ್ದ ಬೆಳೆಯುವುದು, ಎಲ್ಲ ಬಾಯಿಗೆ ಬಂತು. ಮುಟ್ಟಿದರೆ ಮುನಿಯ ಪಾಠ ಬಂದಾಗ ಮಗಳು ನಗು ತಡೆದುಕೊಂಡು ಓದಿದಳು. "ಅದು ಮುನಿಯೋದಲ್ಲ ಕಣೇ, ಮುದುಡೋದು. ನಾನು ಮುದುಡೋಳಲ್ಲ" ಅಂದಳು ತಾಯಿ. ಬರೆಯುವುದು ಮಾತ್ರ ನಿಧಾನ. ಬಲಗೈಯ ಮೂರು ಬೆರಳು ಪೂರ್ತಿ ಮಡಚುತ್ತಿರಲಿಲ್ಲ, ಪೆನ್ನು ಜಾರುತ್ತಿತ್ತು.

ಒಂದು ಸಂಜೆ ಮಗಳು ಹೊಸ ಪುಟ ತೆಗೆದು ಓದಿದಳು: "ಬಿಸಿ ಪಾತ್ರೆಯನ್ನು ಮುಟ್ಟಿದ ಕೂಡಲೇ ಕೈ ತಾನಾಗಿಯೇ ಹಿಂದೆ ಸರಿಯುತ್ತದೆ. ಇದೇ ಪರಾವರ್ತಿತ ಪ್ರತಿಕ್ರಿಯೆ. ಇದರಲ್ಲಿ ಮಿದುಳಿನ ಕೆಲಸವೇನೂ ಇಲ್ಲ."

"ಸುಳ್ಳು."

"ಅಮ್ಮಾ, ಐದು ಮಾರ್ಕಿನ ಪ್ರಶ್ನೆ ಇದು."

"ಐವತ್ತಿನದಾದ್ರೂ ಸುಳ್ಳೇ!" ಗೈಡು ಕಿತ್ತುಕೊಂಡು ಗೋಡೆಗೆ ಎಸೆದಳು. ನಡುವಿನ ಹಾಳೆಗಳು ಕಳಚಿ ನೆಲದ ತುಂಬ ಹರಡಿದವು.

ಒಂಬತ್ತು ವರ್ಷದ ಹಿಂದೆ ಈಗಿನ ಮ್ಯಾನೇಜರು ಅವಳ ಹಾಗೆಯೇ ಒಬ್ಬ ಅಡುಗೆಯವನು. ವಾರ್ಡುಗಳ ಹಾಲು ಕಾಯಿಸುವ ದೊಡ್ಡ ಪಾತ್ರೆಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು, ಒಂದೊಂದು ಹಿಡಿಗೆ ಒಬ್ಬೊಬ್ಬರು. ಆ ಬೆಳಿಗ್ಗೆ ಅವನ ಕೈಬಟ್ಟೆ ಜಾರಿ ಬೆರಳು ಹಿಡಿಗೆ ತಾಗಿತು. ಅಯ್ಯೋ ಅಂದು ಬಿಟ್ಟೇಬಿಟ್ಟ. ಪಾತ್ರೆ ಅವನ ಕಡೆ ವಾಲಿತು. ಅಲ್ಲಿ ಕೆಳಗೆ, ಬೆನ್ನು ಹಾಕಿಕೊಂಡು, ತರಕಾರಿ ಹೆಚ್ಚುವ ಅಜ್ಜಿ ಕೂತಿದ್ದಳು. ಇವಳು ಬರಿಗೈಯಲ್ಲಿ ಆ ಕಡೆಯ ಅಂಚನ್ನು ಹಿಡಿದು, ಪಾತ್ರೆಯನ್ನು ತನ್ನ ಕಡೆಗೇ ಎಳೆದುಕೊಂಡು, ನೆಲಕ್ಕೆ ಊರುವ ತನಕ ಬಿಡಲಿಲ್ಲ. ಅಜ್ಜಿಯ ಮೇಲೆ ಒಂದು ಹನಿ ಬೀಳಲಿಲ್ಲ. ಇವಳ ಅಂಗೈ ಚರ್ಮ ಪಾತ್ರೆಯ ಅಂಚಿನಲ್ಲೇ ಉಳಿಯಿತು.

ಇವಳು ಕೈಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಅವನು ವರದಿ ಬರೆದುಕೊಟ್ಟ: "ಬಟ್ಟೆಯಿಲ್ಲದೆ ಬಿಸಿ ಪಾತ್ರೆ ಮುಟ್ಟಿದ್ದರಿಂದ ಅಪಘಾತ. ಆಕೆಯ ಅಜಾಗರೂಕತೆಯೇ ಕಾರಣ." ಅಜ್ಜಿ ಬೆನ್ನು ಹಾಕಿ ಕೂತಿದ್ದಳಲ್ಲ, ಅವಳ ಮಾತನ್ನು ಯಾರೂ ಕೇಳಲಿಲ್ಲ. ಆ ಕಾಗದ ಇನ್ನೂ ಇವಳ ಫೈಲಿನಲ್ಲಿದೆ. ಬರೆದವನು ಮ್ಯಾನೇಜರಾದ.

"ಈಗ ಈ ಪುಸ್ತಕಾನೂ ಅವನ ಕಡೆಗೇ ಸೇರ್ಕೊಂಡಿದೆ" ಅಂದಳು ತಾಯಿ. "ಎಲ್ಲರ ಕೈನೂ ತಾನಾಗೇ ಬಿಡತ್ತಂತೆ. ಹಾಗಾದ್ರೆ ನಂದೇನು? ಮರದ ಕೊರಡಾ?"

ಮಗಳು ಹಾಳೆಗಳನ್ನು ಆಯ್ದು ಜೋಡಿಸಿದಳು. ಮರುದಿನ ಶಾಲೆ ಬಿಟ್ಟ ಮೇಲೆ ವಿಜ್ಞಾನದ ಟೀಚರ ಹತ್ತಿರ ಒಬ್ಬಳೇ ನಿಂತು ಕೇಳಿದಳು. ಮನೆಗೆ ಬಂದವಳು ಚೀಲ ಕೂಡ ಇಳಿಸಲಿಲ್ಲ.

"ಅಮ್ಮಾ, ಗೈಡಲ್ಲಿ ಅರ್ಧ ಬಿಟ್ಟಿದ್ದಾರೆ. ಕೈ ಎಳ್ಕೊಳ್ಳೋ ಅಪ್ಪಣೆ ಬೆನ್ನುಹುರಿಯಿಂದ ಬರತ್ತೆ, ಸರಿ. ಆದ್ರೆ ಬಿಡಬೇಡ ಅಂತ ಮಿದುಳು ಅದನ್ನ ತಡೀಬಹುದಂತೆ. ಬಿಡಬಾರದು ಅನ್ನೋಕೆ ಕಾರಣ ಇದ್ರೆ. ಟೀಚರು ಉದಾಹರಣೆಗೂ ಬಿಸಿ ಪಾತ್ರೇನೇ ಹೇಳಿದ್ರು."

ಹಿಗ್ಗುತ್ತಾಳೆ ಅಂದುಕೊಂಡಿದ್ದಳು. ತಾಯಿಯ ಮುಖ ಇನ್ನೂ ಕೆಂಪಾಯಿತು.

"ಅಂದ್ರೆ ಅವನೂ ಹಿಡ್ಕೋಬಹುದಿತ್ತು!"

"ಅಜ್ಜಿ ಅಲ್ಲಿ ಕೂತಿರೋದು ಅವರು ನೋಡಿದ್ರಾ?"

ಸುಳ್ಳು ಹೇಳುವ ಜಾಯಮಾನ ತಾಯಿಯದಲ್ಲ. "ಇಲ್ಲ. ಅವನ ಕಣ್ಣು ಒಲೆ ಮೇಲಿತ್ತು."

"ಹಾಗಾದ್ರೆ ಕೈ ಬಿಟ್ಟಿದ್ದಕ್ಕೆ ಅವರನ್ನ ಬೈಬೇಡಮ್ಮ. ಅದು ಅವರ ಕೈಲಿರಲಿಲ್ಲ."

ಒಂಬತ್ತು ವರ್ಷ ಆ ಕೈಯನ್ನು ಬೈದುಕೊಂಡೇ ಬೇಳೆ ಬೇಯಿಸಿದವಳಿಗೆ ಈ ಮಾತು ಸುಲಭಕ್ಕೆ ಗಂಟಲಲ್ಲಿ ಇಳಿಯಲಿಲ್ಲ. ಆ ವಾರವೆಲ್ಲ ಪಾತ್ರೆಗಳನ್ನು ದಡಬಡ ಕುಕ್ಕಿದಳು. ಹತ್ತಿರ ಹೋದವರಿಗೆಲ್ಲ ಮಂಗಳಾರತಿಯಾಯಿತು.

ಪರೀಕ್ಷೆಯ ಕೋಣೆಯಲ್ಲಿ ಮಗಳ ವಯಸ್ಸಿನ ಮಕ್ಕಳ ನಡುವೆ, ಮೊಣಕಾಲು ತಾಗುವ ಬೆಂಚಿನಲ್ಲಿ ಕೂತಳು. ಹದಿನಾಲ್ಕನೇ ಪ್ರಶ್ನೆ: ಪರಾವರ್ತಿತ ಪ್ರತಿಕ್ರಿಯೆಗೂ ಐಚ್ಛಿಕ ಕ್ರಿಯೆಗೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ವಿವರಿಸಿ. ಪೆನ್ನು ಎರಡು ಸಲ ಜಾರಿತು. ಮೂರನೇ ಸಲ ಗಟ್ಟಿಯಾಗಿ ಹಿಡಿದು ಬರೆದಳು, ಕೊನೆಯ ಗಂಟೆ ಹೊಡೆಯುವ ತನಕ ತಲೆ ಎತ್ತಲಿಲ್ಲ.

ಪಾಸಾದಳು. ಮಗಳಿಗಿಂತ ಹನ್ನೊಂದು ಅಂಕ ಕಡಿಮೆ, ಅದಕ್ಕೂ ಒಂದಿಷ್ಟು ಸಿಡಿಮಿಡಿ ಮಾಡಿದಳು. ಅಂಕಪಟ್ಟಿ, ಅರ್ಜಿ ಹಿಡಿದುಕೊಂಡು ಮ್ಯಾನೇಜರ ಕೋಣೆಗೆ ಹೋದಳು. ಅರ್ಜಿ ಮೇಲಿನವರಿಗೆ ಹೋಗಬೇಕಾದರೆ ಅವನ ಸಹಿ ಬೇಕು. ಅವನು ಅಂಕಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಪರವಾಗಿಲ್ವೇ ಅಕ್ಕಾ! ಏನೇನು ಕೇಳಿದ್ರು?"

"ತಾನಾಗೇ ಆಗೋ ಕೆಲಸಕ್ಕೂ ಯೋಚನೆ ಮಾಡಿ ಮಾಡೋ ಕೆಲಸಕ್ಕೂ ವ್ಯತ್ಯಾಸ ಕೇಳಿದ್ರು. ಬಿಸಿ ತಾಗಿ ಒಬ್ಬ ಪಾತ್ರೆ ಬಿಟ್ಟ, ಅದು ತಾನಾಗೇ ಆಗಿದ್ದು, ಅವನ ತಪ್ಪಲ್ಲ ಅಂತ ಬರೆದೆ. ಆಮೇಲೆ ಅದೇ ಮನುಷ್ಯ ಕುರ್ಚೀಲಿ ಕೂತು, ಪೆನ್ನು ತಗೊಂಡು, ತಪ್ಪೆಲ್ಲ ಇನ್ನೊಬ್ಬಳದು ಅಂತ ವರದಿ ಬರೆದ. ಅದು ಯೋಚನೆ ಮಾಡಿ ಮಾಡಿದ್ದು ಅಂತ ಬರೆದೆ. ಐದಕ್ಕೆ ಐದು ಕೊಟ್ಟಿರ್ತಾರೆ."

ಅವನ ಮುಖ ಕಪ್ಪಿಟ್ಟಿತು. "ಅದು ನಂಗೆ ಹೇಳಿದ್ದಾ?"

"ನಾನು ಯಾರ ಹೆಸರೂ ಬರೀಲಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ?"

ಕಿಟಕಿಯಾಚೆ ಈಳಿಗೆಯ ಸದ್ದು ನಿಂತಿತ್ತು. ಅಜ್ಜಿ ಈ ಕಡೆಗೇ ಕಿವಿ ಕೊಟ್ಟಿದ್ದಳು. ಇವಳು ಮಡಚಲಾರದ ಮೂರು ಬೆರಳಿನಿಂದ ಅರ್ಜಿಯನ್ನು ಅವನ ಮುಂದೆ ತಳ್ಳಿದಳು.

"ಸಹಿ ಮಾಡಿ. ಇದೂ ತಾನಾಗೇ ಆಗೋ ಕೆಲಸ ಅಲ್ಲ. ಬೇಕಾದಷ್ಟು ಯೋಚನೆ ಮಾಡಿ, ನಾನು ಇಲ್ಲೇ ನಿಂತಿರ್ತೀನಿ."